ಹಸಿರು ಬಣ್ಣ ಬಳಿದದ್ದು ನಾವೇ

ಮೊದಲೇ ಹೇಳಿಬಿಡ್ತೀವಿ. ನಾವು ನಾಲ್ಕು ಜನ, ಅದರಲ್ಲಿ ಮೂವರು ಇವತ್ತಿನವರೆಗೂ ವಿಮಾನ ಹತ್ತಿಲ್ಲ. ಹತ್ತಿದ ಒಬ್ಬಳೂ ಬೆಂಗಳೂರಿನಿಂದ ಮುಂಬೈಗೆ ಹೋಗಿ ಬಂದಿದ್ದಾಳೆ ಅಷ್ಟೇ. ಇಂಥ ನಾವು ಹಿಮಾಲಯದ ಮೇಲೆ ಹಾರೋ ವಿಮಾನದ ಗಾಳಿ ಸೋರಿಹೋದ್ರೆ ಅದು ಯಾವ ಕಡೆ ತಿರುಗಬೇಕು ಅಂತ ಲೆಕ್ಕ ಹಾಕೋಕೆ ಹೊರಟಿದ್ವಿ. ಈ ಬರಹ ಆ ಲೆಕ್ಕದ ಬಗ್ಗೆ, ಅದು ತಪ್ಪಿದ್ದರ ಬಗ್ಗೆ, ಮತ್ತೆ ತಪ್ಪು ಲೆಕ್ಕ ನಾವು ಅಂದುಕೊಂಡಿದ್ದಕ್ಕಿಂತ ದೂರ ಹೋಗಿದ್ದರ ಬಗ್ಗೆ.

ನಾಲ್ಕನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಅಂದ್ರೆ ಎಲ್ಲರಿಗೂ ಗೊತ್ತು. ಗ್ರಾಫ್ ತಗೊಂಡು ಏನಾದ್ರೂ ಮಾಡಿ ಅಂದ್ರು. ನಮ್ಮ ಕ್ಲಾಸಲ್ಲಿ ಆರು ಗುಂಪು ಮೆಟ್ರೋ ಮ್ಯಾಪ್ ತಗೊಂಡ್ವು, ಮೂರು ಗುಂಪು ಕ್ಯಾಂಪಸ್ಸಿನೊಳಗೆ ಹತ್ತಿರದ ದಾರಿ. ನಾವೂ ಮೆಟ್ರೋನೇ ಮಾಡ್ತಿದ್ವೇನೋ. ಆದ್ರೆ ನಮ್ಮಲ್ಲೊಬ್ಬ ಬೈಲಹೊಂಗಲದವನು. ಹಾಸ್ಟೆಲಲ್ಲಿ ಅವನ ಹೆಸರೇ ‘ಬೈಲಹೊಂಗಲ’. ಅವನ ಅಣ್ಣ ಸೈನ್ಯದಲ್ಲಿದ್ದಾರೆ, ಲಡಾಖ್ ಕಡೆ ಪೋಸ್ಟಿಂಗ್. ರಜೆಗೆ ಬರುವಾಗ ಲೇಹ್‌ನಿಂದ ದೆಹಲಿಗೆ ವಿಮಾನ, ಅಲ್ಲಿಂದ ರೈಲು. ಅಣ್ಣ ಪ್ರತಿ ಸಲ ವಿಮಾನ ಹತ್ತಿದ ದಿನ ಅವರವ್ವ ಇಳಿದೆ ಅಂತ ಫೋನ್ ಬರೋವರೆಗೂ ಊಟ ಮಾಡಲ್ಲವಂತೆ. ‘ಅವ್ವಗ ಒಂದ್ ಮ್ಯಾಪ್ ಮಾಡಿ ತೋರ್ಸೂಣು. ಎಲ್ಲಿ ಏನಾದ್ರೂ ಇಳಿಯಾಕ ಜಾಗಾ ಐತಿ ಅಂತ’ ಅಂದ. ಮೆಸ್ಸಲ್ಲಿ ಪಲಾವ್ ತಿಂತಾ ಕೂತಿದ್ದ ನಮಗೆಲ್ಲ ಇದು ಮೆಟ್ರೋಗಿಂತ ಚೆನ್ನಾಗಿ ಕಾಣಿಸ್ತು.

ಮೊದಲ ವಾರ ಬರೀ ಓದಿದ್ವಿ. ಓದಿದ್ದರಲ್ಲಿ ಸ್ವಲ್ಪ ಇಲ್ಲಿ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ.

18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರೋದರ ಅರ್ಧ. 35,000 ಅಡಿಯಲ್ಲಿ ಕಾಲು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಅದಕ್ಕೇ ವಿಮಾನದ ಒಳಗೆ ಗಾಳಿ ತುಂಬಿ ಇಟ್ಟಿರ್ತಾರೆ. ಹೊರಗೆ 35,000 ಅಡಿ ಇದ್ರೂ ಒಳಗೆ ಕೂತವರಿಗೆ ಹೆಚ್ಚೆಂದ್ರೆ 8,000 ಅಡಿ ಎತ್ತರದ ಬೆಟ್ಟದ ಮೇಲೆ ಕೂತ ಹಾಗೆ. ಬಾಗಿಲ ಸೀಲ್, ಕಿಟಕಿ, ವಾಲ್ವ್, ಏನೋ ಒಂದು ಕೈಕೊಟ್ಟು ಈ ಗಾಳಿ ಹೊರಗೆ ಹೋದ್ರೆ, 35,000 ಅಡಿಯಲ್ಲಿ ಮನುಷ್ಯನ ಬುದ್ಧಿ ನೆಟ್ಟಗೆ ಕೆಲಸ ಮಾಡೋದು 30ರಿಂದ 60 ಸೆಕೆಂಡು. 25,000 ಅಡಿಯಲ್ಲಿ 3ರಿಂದ 5 ನಿಮಿಷ. ಉಸಿರು ಕಟ್ಟಿದ ಹಾಗೆ ಅನಿಸೋದೂ ಇಲ್ಲವಂತೆ. ಕೆಲವರಿಗೆ ಖುಷಿ ಆಗುತ್ತೆ, ಏನೂ ಆಗಿಲ್ಲ ಅನಿಸುತ್ತೆ, ಆಮೇಲೆ ಪ್ರಜ್ಞೆ ಹೋಗುತ್ತೆ. 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಹೀಲಿಯಾಸ್ 522 ವಿಮಾನದಲ್ಲಿ ಆಗಿದ್ದು ಇದೇ. ಒಳಗೆ ಗಾಳಿಯ ಒತ್ತಡ ಏರಲೇ ಇಲ್ಲ, ಅದು ಪೈಲಟ್‌ಗಳಿಗೆ ಸಮಯಕ್ಕೆ ಗೊತ್ತಾಗಲಿಲ್ಲ, ವಿಮಾನ ತನ್ನಷ್ಟಕ್ಕೆ ತಾನು ಇಂಧನ ಮುಗಿಯುವ ತನಕ ಹಾರಿತು. 121 ಜನ ಸತ್ತರು. ‘ಮೊದಲು ನಿಮ್ಮ ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ಪಕ್ಕದವರಿಗೆ ಸಹಾಯ ಮಾಡಿ’ ಅನ್ನೋ ಮಾತಿನ ಹಿಂದೆ ಇರೋದು ಈ ಸೆಕೆಂಡುಗಳ ಲೆಕ್ಕ.

ಆ ಮಾಸ್ಕ್ ಬಗ್ಗೆ ನಮಗೊಂದು ತಪ್ಪು ಕಲ್ಪನೆ ಇತ್ತು. ಅದರ ಹಿಂದೆ ದೊಡ್ಡ ಸಿಲಿಂಡರ್ ಇರುತ್ತೆ, ಎಷ್ಟು ಹೊತ್ತು ಬೇಕಾದ್ರೂ ಗಾಳಿ ಬರುತ್ತೆ ಅಂದುಕೊಂಡಿದ್ವಿ. ಬಹಳಷ್ಟು ವಿಮಾನಗಳಲ್ಲಿ ತಲೆಯ ಮೇಲೆ ಇರೋದು ಒಂದು ಸಣ್ಣ ಡಬ್ಬಿ. ಅದರೊಳಗೆ ಸೋಡಿಯಂ ಕ್ಲೋರೇಟ್. ಮಾಸ್ಕನ್ನ ಎಳೆದ ತಕ್ಷಣ ರಾಸಾಯನಿಕ ಕ್ರಿಯೆ ಶುರುವಾಗಿ ಆಮ್ಲಜನಕ ಬರುತ್ತೆ. ಡಬ್ಬಿ ಬಿಸಿ ಆಗುತ್ತೆ, ಸುಟ್ಟ ವಾಸನೆ ಬರಬಹುದು. ಒಮ್ಮೆ ಶುರುವಾದ್ರೆ ನಿಲ್ಲಿಸೋಕಾಗಲ್ಲ. ಸಾಮಾನ್ಯವಾಗಿ 12ರಿಂದ 15 ನಿಮಿಷ, ಕೆಲವದರಲ್ಲಿ 22 ನಿಮಿಷ. ಅಷ್ಟರಲ್ಲಿ ಮುಗೀತು.

ಸಮುದ್ರದ ಮೇಲೋ ದಖ್ಖನ್ ಮೇಲೋ ಇದ್ರೆ 12 ನಿಮಿಷ ಧಾರಾಳ. ಪೈಲಟ್ ಮೂಗು ತಗ್ಗಿಸಿ ನಿಮಿಷಕ್ಕೆ ಐದಾರು ಸಾವಿರ ಅಡಿ ಇಳಿಸ್ತಾರೆ. ಐದು ನಿಮಿಷದೊಳಗೆ 10,000 ಅಡಿಗೆ ಬಂದ್ರೆ ಮಾಸ್ಕ್ ಇಲ್ಲದೇ ಉಸಿರಾಡಬಹುದು. ಆದ್ರೆ ಕೆಳಗೆ 20,000 ಅಡಿಯ ಬೆಟ್ಟ ಇದ್ರೆ? ಇಳಿಯಲೇಬೇಕು, ಇಳಿಯೋಕೆ ಜಾಗ ಇಲ್ಲ. ನಮ್ಮ ಪ್ರಾಜೆಕ್ಟ್ ಇಷ್ಟೇ.

ಇದು ನಿಜವಾಗಿ ನಡೆದಿದೆ. 2018ರ ಮೇ 14ರ ಬೆಳಗ್ಗೆ ಚೀನಾದ ಚೊಂಗ್‌ಚಿಂಗ್‌ನಿಂದ ಲಾಸಾಗೆ ಹೊರಟ ಸಿಚುವಾನ್ ಏರ್‌ಲೈನ್ಸ್‌ನ ಎ319 ವಿಮಾನ. 119 ಪ್ರಯಾಣಿಕರು, 9 ಸಿಬ್ಬಂದಿ. ಸುಮಾರು 32,000 ಅಡಿಯಲ್ಲಿ ಕಾಕ್‌ಪಿಟ್‌ನ ಬಲಗಡೆ ಮುಂದಿನ ಗಾಜು ಬಿರುಕುಬಿಟ್ಟು ಕಿತ್ತು ಹಾರಿಹೋಯ್ತು. ಸಹ ಪೈಲಟ್ ಅರ್ಧ ದೇಹ ಹೊರಗೆ. ಸೀಟ್ ಬೆಲ್ಟ್ ಇದ್ದದ್ದಕ್ಕೆ ಉಳಿದರು. ಮೈ ಕೊರೆಯೋ ಚಳಿ, ಗಾಳಿಯ ಸದ್ದಿನಲ್ಲಿ ರೇಡಿಯೋ ಕೇಳಿಸ್ತಿಲ್ಲ, ಮುಂದಿನ ಎಷ್ಟೋ ಉಪಕರಣಗಳು ಹಾಳು. ಪುಸ್ತಕದಲ್ಲಿ ಇರೋ ಪ್ರಕಾರ ತಕ್ಷಣ 10,000 ಅಡಿಗೆ ಇಳಿಯಬೇಕು. ಆದ್ರೆ ಕೆಳಗೆ ಟಿಬೆಟ್ ಪ್ರಸ್ಥಭೂಮಿಯ ಪೂರ್ವದ ಅಂಚಿನ ಬೆಟ್ಟಗಳು. ಕ್ಯಾಪ್ಟನ್ ಲಿಯು ಚುವಾನ್‌ಜಿಯಾನ್ 24,000 ಅಡಿಯ ಹತ್ತಿರ ಇಳಿತ ತಡೆದು, ಬೆಟ್ಟ ದಾಟೋವರೆಗೂ ಆ ಎತ್ತರ ಕಾಯ್ದುಕೊಂಡು, ಆಮೇಲೆ ಕೆಳಗಿಳಿಸಿದರು. ಗಾಜು ಹೋದ ಸುಮಾರು ಅರ್ಧ ಗಂಟೆಯ ನಂತರ ವಿಮಾನ ಚೆಂಗ್ಡುವಿನಲ್ಲಿ ಇಳೀತು. ಎಲ್ಲರೂ ಬದುಕಿದರು. ಇದರ ಮೇಲೆ ಮಾರನೇ ವರ್ಷ ಸಿನಿಮಾನೂ ಬಂತು.

ಒಡೆದ ಕಿಟಕಿಯ ಎದುರು ಕೂತು ‘ಇನ್ನೂ ಇಳೀಬಾರದು’ ಅಂತ ಕಾಯೋದು! ನಾವು ಆ ರಾತ್ರಿ ಈ ಒಂದು ವಾಕ್ಯದ ಬಗ್ಗೇನೇ ಮಾತಾಡಿದ್ವಿ.

ಸರಿ, ಕೋಡ್ ಬರೆದ್ವಿ. ದೆಹಲಿ-ಲೇಹ್ ದಾರಿಯನ್ನ ಒಂದು ನೇರ ಗೆರೆ ಅಂತ ಇಟ್ಕೊಂಡ್ವಿ. ಎರಡೂ ಊರು ಹೆಚ್ಚೂ ಕಡಿಮೆ ಒಂದೇ ರೇಖಾಂಶದ ಮೇಲಿವೆ, ಹಾಗಾಗಿ ಗೆರೆ ನೆಟ್ಟಗೆ ಉತ್ತರಕ್ಕೆ ಹೋಗುತ್ತೆ. 600 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಪ್ರತಿ 5 ಕಿಲೋಮೀಟರಿಗೆ ಒಂದು ಚುಕ್ಕಿ. ವೇಗ ನಿಮಿಷಕ್ಕೆ 14 ಕಿಲೋಮೀಟರ್. ಆಮ್ಲಜನಕ 12 ನಿಮಿಷ. ಗುಣಿಸಿದ್ರೆ 168 ಕಿಲೋಮೀಟರ್. ಯಾವ ಚುಕ್ಕಿಯಿಂದ 168 ಕಿಲೋಮೀಟರ್ ಒಳಗೆ ವಿಮಾನ ನಿಲ್ದಾಣ ಇದೆಯೋ ಅದು ಹಸಿರು, ಇಲ್ಲದ್ದು ಕೆಂಪು. ರನ್ ಮಾಡಿದ್ವಿ. ಗೆರೆ ಪೂರ್ತಿ ಹಸಿರು! ದಕ್ಷಿಣದಲ್ಲಿ ದೆಹಲಿ, ಆಮೇಲೆ ಚಂಡೀಗಢ, ನಡುವೆ ಕುಲ್ಲು, ತುದಿಯಲ್ಲಿ ಲೇಹ್. ಒಂದರಿಂದ ಇನ್ನೊಂದಕ್ಕೆ ಕೈ ಚಾಚಿ ಹಿಡಿದ ಹಾಗೆ.

ಬೈಲಹೊಂಗಲ ಅದರ ಸ್ಕ್ರೀನ್‌ಶಾಟ್ ತೆಗೆದು ಅವರವ್ವಗೆ ವಾಟ್ಸಾಪ್ ಮಾಡಿದ. ಜೊತೆಗೆ ಒಂದು ವಾಯ್ಸ್ ಮೆಸೇಜ್: ‘ಅವ್ವಾ, ಇದನ್ನ ನಾವ ಮಾಡೇವಿ. ಹಸರ ಅಂದ್ರ ಎಲ್ಲಿ ಏನಾದ್ರೂ ಇಳಿಯಾಕ ಬರ್ತದ ಅಂತ. ನೋಡ, ಒಂದೂ ಕೆಂಪ ಇಲ್ಲ.’ ನಾವು ಮೂವರೂ ಹಿಂದೆ ನಿಂತು ಕೇಳಿಸ್ಕೊಂಡ್ವಿ. ಹೆಮ್ಮೆ ಅನಿಸ್ತು. ಯಾರಿಗೂ ಬೇರೆ ಏನೂ ಅನಿಸಲಿಲ್ಲ.

ಎರಡು ದಿನದ ನಂತರ ಮೆಕ್ಯಾನಿಕಲ್‌ನವಳು, ಮುಂಬೈಗೆ ಹೋಗಿ ಬಂದವಳು, ರಿಪೋರ್ಟಿಗೆ ವಿಮಾನ ನಿಲ್ದಾಣಗಳ ಟೇಬಲ್ ಮಾಡ್ತಾ ಕೂತಿದ್ಲು. ರನ್‌ವೇ ಉದ್ದ ಅಂತ ಒಂದು ಕಾಲಮ್ ಇರಲಿ, ಚೆನ್ನಾಗಿ ಕಾಣುತ್ತೆ ಅಂತ ಹಾಕಿದ್ಲಂತೆ. ಕುಲ್ಲುವಿನ ಭುಂತರ್ ರನ್‌ವೇ ಸುಮಾರು 1,100 ಮೀಟರ್. ಬಿಯಾಸ್ ನದಿಯ ಕಣಿವೆಯೊಳಗೆ, ಎರಡೂ ಕಡೆ ಬೆಟ್ಟ. ಅಲ್ಲಿಗೆ ಹೋಗೋದು ಸಣ್ಣ ಟರ್ಬೋಪ್ರಾಪ್ ವಿಮಾನ. 150–180 ಜನ ಕೂತ ಎ320 ಅಲ್ಲಿ ಇಳಿಯೋ ಮಾತೇ ಇಲ್ಲ. ನಮ್ಮ ಕೋಡಿಗೆ ವಿಮಾನ ನಿಲ್ದಾಣ ಅಂದ್ರೆ ಮ್ಯಾಪಿನ ಮೇಲಿನ ಒಂದು ಚುಕ್ಕಿ ಅಷ್ಟೇ ಆಗಿತ್ತು. ಕುಲ್ಲು ತೆಗೆದು ಮತ್ತೆ ರನ್ ಮಾಡಿದ್ವಿ. ಚಂಡೀಗಢಕ್ಕೂ ಲೇಹ್‌ಗೂ ನಡುವೆ ಸುಮಾರು 50 ಕಿಲೋಮೀಟರ್ ಕೆಂಪಾಯ್ತು.

ಬೈಲಹೊಂಗಲ ಏನೂ ಮಾತಾಡಲಿಲ್ಲ. ಫೋನ್ ತೆಗೆದು ನೋಡಿದ. ಎರಡು ನೀಲಿ ಟಿಕ್ ಬಂದಿತ್ತು.

ಆಮೇಲೆ ಒಂದೊಂದೇ ತಪ್ಪು ಸಿಗ್ತಾ ಹೋಯ್ತು. ಒಂದು ತಪ್ಪು ನಮ್ಮ ಪರವಾಗಿಯೇ ಇತ್ತು. 12 ನಿಮಿಷದೊಳಗೆ ರನ್‌ವೇಗೆ ತಲುಪಬೇಕು ಅಂತ ನಾವು ಹಟ ಹಿಡಿದಿದ್ವಿ. ತಲುಪಬೇಕಾದ್ದು ರನ್‌ವೇಗಲ್ಲ, ಉಸಿರಾಡೋಕೆ ಆಗೋ ಎತ್ತರಕ್ಕೆ. ಸಿಚುವಾನ್ ವಿಮಾನ ಅರ್ಧ ಗಂಟೆ ಆದ ಮೇಲೆ ತಾನೇ ಇಳಿದದ್ದು. ಬೆಟ್ಟ ದಾಟಿ 10,000 ಅಡಿಗೆ ಬಂದ್ರೆ ಮಾಸ್ಕಿನ ಅವಸರ ಮುಗೀತು, ನಿಲ್ದಾಣಕ್ಕೆ ನಿಧಾನವಾಗಿ ಹೋಗಬಹುದು. ಹಾಗಾಗಿ ನಮ್ಮ ಗುರಿ ನಿಲ್ದಾಣದಿಂದ ಬಯಲಿಗೆ ಬದಲಾಯ್ತು. ದಕ್ಷಿಣದಲ್ಲಿ ಹಿಮಾಚಲದ ತಪ್ಪಲು, ಪಶ್ಚಿಮದಲ್ಲಿ ಕಾಶ್ಮೀರ ಕಣಿವೆ. ಶ್ರೀನಗರ ಇರೋದು ಸುಮಾರು 5,400 ಅಡಿಯಲ್ಲಿ. ನಡುವಿನ ಕೆಂಪು ಕರಗ್ತು. ಚಪ್ಪಾಳೆ ಹೊಡೆದ್ವಿ.

ಅದೇ ಹೊತ್ತಿಗೆ ಇನ್ನೊಂದು ಕಡೆ ಕೆಂಪು ಹುಟ್ಟಿಕೊಳ್ತು. ಲೇಹ್ ವಿಮಾನ ನಿಲ್ದಾಣವೇ ಇರೋದು 10,682 ಅಡಿಯಲ್ಲಿ, ಸುತ್ತಲೂ ಅದರ ಎರಡರಷ್ಟು ಎತ್ತರದ ಬೆಟ್ಟ. ನಾವು ಮೊದಲು ಅತಿ ದಟ್ಟ ಹಸಿರು ಬಳಿದಿದ್ದ ತುದಿ ಅದು. ಅಲ್ಲಿಂದ ಕಾಶ್ಮೀರ ಕಣಿವೆಯ ಬಯಲಿಗೆ 200 ಕಿಲೋಮೀಟರಿಗಿಂತ ಜಾಸ್ತಿ. 12 ನಿಮಿಷಕ್ಕೆ ಸಾಲಲ್ಲ.

ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ನುನ್. ನಾವು ಎತ್ತರದ ಮಾಹಿತಿಗೆ ಎಸ್‌ಆರ್‌ಟಿಎಂ ಡೇಟಾ ತಗೊಂಡಿದ್ವಿ. 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಲ್ಲಿ ಅಳೆದ ನೆಲದ ಎತ್ತರಗಳು. ಲೇಹ್‌ನಿಂದ ಶ್ರೀನಗರಕ್ಕೆ ಒಂದು ಗೆರೆ ಎಳೆದು, ಗೆರೆಯ ಕೆಳಗಿನ ಎತ್ತರಗಳನ್ನ ಓದಿ, ಅದಕ್ಕೆ 2,000 ಅಡಿ ಸೇರಿಸಿ ‘ಇಷ್ಟಕ್ಕಿಂತ ಕೆಳಗೆ ಇಳಿಯಬೇಡ’ ಅಂತ ಬರೆದುಕೊಂಡಿದ್ವಿ. ಒಂದು ಸಂಜೆ ಮ್ಯಾಪನ್ನ ಸುಮ್ಮನೆ ಝೂಮ್ ಮಾಡ್ತಾ ಇದ್ದಾಗ ಗೆರೆಯ ಪಕ್ಕ ಒಂದು ಹೆಸರು ಕಾಣ್ತು. ನುನ್ ಶಿಖರ, 7,135 ಮೀಟರ್. ಅಡಿಯಲ್ಲಿ 23,400. ನಮ್ಮ ಟೇಬಲಲ್ಲಿ ಆ ಎತ್ತರ ಎಲ್ಲೂ ಇರಲಿಲ್ಲ. ಯಾಕಂದ್ರೆ ಅದು ಗೆರೆಯ ಮೇಲೆ ಇಲ್ಲ, ಗೆರೆಯಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರ್ ಒಳಗಿದೆ. ನಿಮಿಷಕ್ಕೆ 14 ಕಿಲೋಮೀಟರ್ ಹೋಗೋ ವಿಮಾನಕ್ಕೆ ಹತ್ತು ಕಿಲೋಮೀಟರ್ ಅಂದ್ರೆ ಮುಕ್ಕಾಲು ನಿಮಿಷ. ಕೈ ನಡುಗ್ತಿರೋ ಪೈಲಟ್ ಸ್ವಲ್ಪ ತಡವಾಗಿ ತಿರುಗಿದ್ರೆ, ಗಾಳಿ ಪಕ್ಕಕ್ಕೆ ತಳ್ಳಿದ್ರೆ, ನಮ್ಮ ಟೇಬಲ್ ನಂಬಿಕೊಂಡು ಇಳಿದಿದ್ರೆ...

ಕಾಗದದ ಮೇಲಿನ ಗೆರೆಗೆ ಅಗಲ ಇಲ್ಲ. ವಿಮಾನದ ದಾರಿಗೆ ಇದೆ. ನಿಜವಾದ ಯೋಜನೆ ಮಾಡೋರು ಅದಕ್ಕೇ ದಾರಿಯ ಎರಡೂ ಪಕ್ಕ ಹಲವು ಕಿಲೋಮೀಟರ್ ಅಗಲದ ಪಟ್ಟಿ ತಗೊಂಡು, ಅದರೊಳಗಿನ ಅತಿ ಎತ್ತರದ ಜಾಗ ಯಾವುದೋ ಅದಕ್ಕೆ 2,000 ಅಡಿ ಸೇರಿಸ್ತಾರೆ. ಚಾರ್ಟುಗಳಲ್ಲಿ ಇಡೀ ಪ್ರದೇಶವನ್ನ ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕದ ಮೇಲೆ ಒಂದು ಸುರಕ್ಷಿತ ಎತ್ತರ ಬರೆದಿರ್ತಾರೆ. ನುನ್ ಇರೋ ಪಟ್ಟಿಗೆ ನಮ್ಮ ಹೊಸ ಲೆಕ್ಕ 25,400 ಅಡಿ ಕೊಡ್ತು. ಅಂದ್ರೆ ಆ ಪಟ್ಟಿ ದಾಟೋವರೆಗೂ ಎಲ್ಲರೂ 25,000 ಅಡಿಯ ಮೇಲೆ ಮಾಸ್ಕಿನಲ್ಲೇ ಉಸಿರಾಡಬೇಕು.

ಗಾಳಿಯನ್ನೂ ನಾವು ಲೆಕ್ಕಕ್ಕೆ ತಗೊಂಡಿರಲಿಲ್ಲ. ಚಳಿಗಾಲದಲ್ಲಿ ಹಿಮಾಲಯದ ಮೇಲೆ ಪಶ್ಚಿಮದಿಂದ ಜೆಟ್ ಸ್ಟ್ರೀಮ್ ಬೀಸುತ್ತೆ, ಗಂಟೆಗೆ 180 ಕಿಲೋಮೀಟರ್ ಇದ್ರೂ ಆಶ್ಚರ್ಯ ಇಲ್ಲ. ಲೇಹ್‌ನಿಂದ ಶ್ರೀನಗರ ಅಂದ್ರೆ ನೇರ ಪಶ್ಚಿಮ, ಗಾಳಿಗೆ ಎದುರು. ನಿಮಿಷಕ್ಕೆ 14 ಇದ್ದದ್ದು 11 ಆಗುತ್ತೆ. 12 ನಿಮಿಷಕ್ಕೆ 168 ಇದ್ದದ್ದು 132. ಚಳಿ ಜಾಸ್ತಿ ಇದ್ರೆ ಇನ್ನೊಂದು ತೊಂದರೆ. ಆಲ್ಟಿಮೀಟರ್ ತೋರಿಸೋ ಎತ್ತರಕ್ಕಿಂತ ವಿಮಾನ ನಿಜವಾಗಿ ಕೆಳಗಿರುತ್ತೆ. ಬಯಲಲ್ಲಿ ಇದನ್ನ ಯಾರೂ ತಲೆಗೆ ಹಚ್ಚಿಕೊಳ್ಳಲ್ಲ, ಬೆಟ್ಟದ ನೆತ್ತಿಯ ಮೇಲೆ ಹಚ್ಚಿಕೊಳ್ಳಲೇಬೇಕು.

ಇಷ್ಟರಲ್ಲಿ ಬೈಲಹೊಂಗಲನ ಫೋನಿಗೆ ಅಣ್ಣನಿಂದ ವಾಯ್ಸ್ ಮೆಸೇಜ್ ಬಂತು. ಅವರವ್ವ ನಮ್ಮ ಹಸಿರು ಚಿತ್ರವನ್ನ ಅಣ್ಣಗೆ ಕಳಿಸಿದ್ದಾರೆ. ಅಣ್ಣ ಅದನ್ನ ತಮ್ಮ ಜೊತೆಯವರಿಗೆ ತೋರಿಸಿದ್ದಾರೆ. ‘ತಮ್ಮಾ, ಚಿತ್ರ ಚಂದ ಐತಿ. ಇಲ್ಲಿ ಎಲ್ಲಾರ್ಗೂ ತೋರ್ಸೇನಿ, ನನ್ನ ತಮ್ಮ ಮಾಡ್ಯಾನ ಅಂತ. ಆದ್ರ ಒಂದ್ ಕೇಳ್ತೇನಿ, ಲೇಹ್‌ದಾಗ ಮುಂಜಾನಿ ಅಷ್ಟ ವಿಮಾನ ಬರ್ತಾವು. ಮಧ್ಯಾಹ್ನ ಗಾಳಿ ಎದ್ದ ಮ್ಯಾಲೆ ಬರಂಗಿಲ್ಲ. ಒಮ್ಮೊಮ್ಮೆ ಮೋಡ ಆಗಿ ಮುಂಜಾನಿದೂ ಹೊಳ್ಳಿ ಹೋಗ್ತಾವು. ಅದನ್ನ ಹಾಕೀರೇನ್?’

ಹಾಕಿರಲಿಲ್ಲ. ನಮ್ಮ ಮ್ಯಾಪಿನಲ್ಲಿ ಲೇಹ್ ಇಡೀ ದಿನ ತೆರೆದೇ ಇತ್ತು.

ಲೇಹ್ ಮುಚ್ಚಿದೆ ಅಂತ ಇಟ್ಟು ಆ ರಾತ್ರಿ ರನ್ ಮಾಡಿದ್ವಿ. ಗೆರೆಯ ಉತ್ತರದ ತುದಿ ಪೂರ್ತಿ ಕೆಂಪು. ಪ್ರೆಸೆಂಟೇಶನ್‌ಗೆ ಮೂರು ದಿನ ಇತ್ತು. ಪೋಸ್ಟರ್ ಪ್ರಿಂಟಿಗೆ ಕೊಟ್ಟಾಗಿತ್ತು, ಅದರ ನಡುವೆ ದೊಡ್ಡದಾಗಿ ಆ ಹಸಿರು ಗೆರೆ.

ನಮ್ಮೊಳಗೆ ಜಗಳ ಆಯ್ತು, ನಿಜ ಹೇಳ್ಬೇಕು ಅಂದ್ರೆ. ಪೋಸ್ಟರ್ ವಿಷಯಕ್ಕಲ್ಲ, ಅದನ್ನ ಬದಲಾಯಿಸೋಕೆ ಎಲ್ಲರೂ ಒಪ್ಪಿದ್ವಿ. ಅವ್ವಗೆ ಹೇಳ್ಬೇಕಾ ಅನ್ನೋದಕ್ಕೆ. ಒಬ್ಬರು ಅಂದ್ರು: ‘ಹೇಳಿದ್ರೆ ಸುಮ್ನೆ ಹೆದರ್ತಾರೆ. ನಮ್ಮ ಮ್ಯಾಪ್ ನೋಡ್ಕೊಂಡು ಯಾರೂ ವಿಮಾನ ಹಾರಿಸಲ್ಲ. ನಿಜವಾಗಿ ಪ್ಲಾನ್ ಮಾಡೋರು ನಮಗಿಂತ ಸಾವಿರ ಪಾಲು ಗೊತ್ತಿರೋರು. ಹಸಿರು ತಪ್ಪಿದ್ರೂ ನಿಜ ಹಸಿರೇ ಇರುತ್ತೆ.’ ಈ ಮಾತಲ್ಲಿ ಹುರುಳಿತ್ತು, ಇಲ್ಲ ಅನ್ನೋಕಾಗಲ್ಲ. ಇನ್ನೊಬ್ಬರು ಅಂದ್ರು: ‘ಹಾಗಾದ್ರೆ ಹಸಿರು ಕಳಿಸುವಾಗ ಇದೇ ಮಾತು ಯಾಕೆ ಹೇಳಲಿಲ್ಲ? ಆಗ ನಮ್ಮ ಲೆಕ್ಕ ನಂಬಿ ಅಂದ್ವಿ, ಈಗ ನಮ್ಮ ಲೆಕ್ಕ ನಂಬಬೇಡಿ ಅಂತೀವಾ?’ ಅದಕ್ಕೆ ಯಾರ ಹತ್ರಾನೂ ಉತ್ತರ ಇರಲಿಲ್ಲ. ರಾತ್ರಿ ಒಂದೂವರೆಗೆ ನೈಟ್ ಕ್ಯಾಂಟೀನ್ ಟೀ ಕುಡಿದು ಸುಮ್ಮನೆ ಮಲಗಿದ್ವಿ.

ಮಾರನೇ ದಿನ ನಿಜವಾಗಿ ಪ್ಲಾನ್ ಮಾಡೋರು ಏನು ಮಾಡ್ತಾರೆ ಅಂತ ಸರಿಯಾಗಿ ಓದಿದ್ವಿ. ಮೊದಲನೇ ವಾರವೇ ಓದಬೇಕಿತ್ತು.

ಅವರು ಗಾಳಿ ಸೋರಿದ ಮೇಲೆ ದಾರಿ ಹುಡುಕಲ್ಲ. ಹೊರಡೋಕೆ ಮುಂಚೆನೇ ದಾರಿಯನ್ನ ತುಂಡು ಮಾಡಿರ್ತಾರೆ. ಈ ಬಿಂದುವಿಗೆ ಮುಂಚೆ ತೊಂದರೆ ಆದ್ರೆ ವಾಪಸ್ ತಿರುಗು. ಈ ಬಿಂದುವಿಗೂ ಆ ಬಿಂದುವಿಗೂ ನಡುವೆ ಆದ್ರೆ ಎಡಕ್ಕೆ, ಇಷ್ಟು ಡಿಗ್ರಿಗೆ, ಈ ಎತ್ತರಕ್ಕೆ ಇಳಿ, ಇಷ್ಟು ದೂರ ಅಲ್ಲೇ ಇರು, ಆಮೇಲೆ ಇಷ್ಟಕ್ಕೆ ಇಳಿ. ಆ ಬಿಂದು ದಾಟಿದ ಮೇಲೆ ಆದ್ರೆ ಮುಂದಕ್ಕೇ ಹೋಗು. ಮಾಸ್ಕ್ ಹಾಕಿಕೊಂಡ ಪೈಲಟ್ ಯೋಚನೆ ಮಾಡಬೇಕಾಗಿಲ್ಲ, ಬರೆದದ್ದನ್ನ ಮಾಡಬೇಕು. 30 ಸೆಕೆಂಡಿನ ಬುದ್ಧಿಯನ್ನ ನಂಬಬಾರದು ಅಂತಾನೇ ನೆಲದ ಮೇಲೆ ತಿಂಗಳುಗಟ್ಟಲೆ ಯೋಚನೆ ಮಾಡಿರ್ತಾರೆ. ಹವಾಮಾನವೂ ಇದರೊಳಗೆ ಬರುತ್ತೆ. ತಪ್ಪಿಸಿಕೊಳ್ಳೋ ದಾರಿಯ ತುದಿಯಲ್ಲಿರೋ ನಿಲ್ದಾಣ ಆ ಹೊತ್ತಿಗೆ ಇಳಿಯೋ ಸ್ಥಿತಿಯಲ್ಲಿ ಇರಬೇಕು. ಇಲ್ಲಾಂದ್ರೆ ಆ ದಾರಿ ಇದ್ದೂ ಇಲ್ಲದ ಹಾಗೆ.

ಒಂದು ಎಂಜಿನ್ ನಿಂತಾಗಿನ ಲೆಕ್ಕ ಬೇರೆ. ಆಗ ವಿಮಾನ ಎತ್ತರ ಉಳಿಸಿಕೊಳ್ಳೋಕಾಗದೆ ನಿಧಾನವಾಗಿ ಜಾರುತ್ತೆ, ಇಳಿಯಬಾರದು ಅಂದ್ರೂ ಇಳಿಯುತ್ತೆ. ಗಾಳಿ ಸೋರಿದಾಗ ಉಲ್ಟಾ, ಇಳಿಯಬೇಕು ಅಂದ್ರೂ ಬೆಟ್ಟ ಬಿಡಲ್ಲ. ಬೆಟ್ಟದ ಮೇಲಿನ ದಾರಿಗೆ ಈ ಎರಡೂ ಲೆಕ್ಕ ಪಾಸಾಗಬೇಕು.

ಟಿಬೆಟ್ ಕಡೆ ಇದು ಇನ್ನೂ ಕಷ್ಟ. ಲಡಾಖಿನಲ್ಲಾದ್ರೂ ಬೆಟ್ಟಗಳ ನಡುವೆ ಕಣಿವೆ ಇದೆ, ಪಕ್ಕಕ್ಕೆ ಬಯಲಿದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರಿಗಿಂತ ಜಾಸ್ತಿ, ಅಂದ್ರೆ ಹತ್ತಿರ ಹತ್ತಿರ 15,000 ಅಡಿ. ವಿಮಾನದ ಒಳಗಿನ ಒತ್ತಡ ಸುಮಾರು 14,000 ಅಡಿಯ ಮಟ್ಟಕ್ಕೆ ಇಳಿದ್ರೆ ಮಾಸ್ಕ್ ತಾನಾಗೇ ಬೀಳುತ್ತೆ. ಅಲ್ಲಿ ನೆಲವೇ ಅದಕ್ಕಿಂತ ಮೇಲಿದೆ! ಸಿಚುವಾನ್ ಪ್ರಾಂತ್ಯದ ದಾವೊಚೆಂಗ್ ಯಾಡಿಂಗ್ ವಿಮಾನ ನಿಲ್ದಾಣ 4,411 ಮೀಟರ್, ಅಂದ್ರೆ 14,472 ಅಡಿ ಎತ್ತರದಲ್ಲಿದೆ. ಮಾಮೂಲಿ ವಿಮಾನ ಅಲ್ಲಿ ಸುಮ್ಮನೆ ಇಳಿದು ಬಾಗಿಲು ತೆಗೆಯೋ ಹಾಗಿಲ್ಲ, ವ್ಯವಸ್ಥೆಯನ್ನೇ ಬದಲಾಯಿಸಿದ ವಿಮಾನ ಬೇಕು. ಈ ಭಾಗದ ಮೇಲೆ ಎಲ್888 ಅಂತ ಒಂದು ಅಂತರರಾಷ್ಟ್ರೀಯ ದಾರಿ ಇದೆ. ಅದರಲ್ಲಿ ಹೋಗೋ ವಿಮಾನಕ್ಕೆ ಮೊದಲೇ ಗೊತ್ತು ಮಾಡಿದ ತಪ್ಪಿಸಿಕೊಳ್ಳೋ ದಾರಿಗಳಿರಬೇಕು, ಅವಕ್ಕೆ ಸಾಲೋವಷ್ಟು ಆಮ್ಲಜನಕ ಇರಬೇಕು. 12 ನಿಮಿಷದ ಡಬ್ಬಿ ಇರೋ ವಿಮಾನ ಅಲ್ಲಿ ನಡೆಯಲ್ಲ. ಇಂಥ ಕಡೆಗೆ ಸಿಲಿಂಡರಿನಲ್ಲಿ ಹೆಚ್ಚು ಆಮ್ಲಜನಕ ಹೊತ್ತ ವಿಮಾನಗಳನ್ನ ಆರಿಸ್ತಾರೆ. ಹೆಚ್ಚು ಸಿಲಿಂಡರ್ ಅಂದ್ರೆ ಹೆಚ್ಚು ತೂಕ, ತೂಕ ಅಂದ್ರೆ ದುಡ್ಡು. ಇಲ್ಲಾಂದ್ರೆ ಸುತ್ತಿ ಬಳಸಿ ಹೋಗ್ತಾರೆ. ಯಾರೂ ‘ಹೇಗೂ ಆಗಲ್ಲ ಬಿಡು’ ಅಂತ ನೇರ ಹೋಗಲ್ಲ.

ಇದನ್ನ ಓದಿ ನಮಗೆ ನೆಮ್ಮದಿ ಆಯ್ತು, ನಾಚಿಕೆನೂ ಆಯ್ತು. ನಾವು ಮಾಡಿದ್ದು ಅದರ ಉಲ್ಟಾ. ಅವರು ಪ್ರತಿ ಸಾಲಲ್ಲೂ ಕೆಟ್ಟದ್ದು ಏನಾಗಬಹುದು ಅಂತ ಕೇಳ್ತಾರೆ. ನಾವು ಪ್ರತಿ ಸಾಲಲ್ಲೂ ಎಲ್ಲ ಚೆನ್ನಾಗಿದೆ ಅಂತ ಇಟ್ಕೊಂಡು, ಕೊನೆಗೆ ಎಲ್ಲ ಚೆನ್ನಾಗಿದೆ ಅಂತ ಉತ್ತರ ಬಂದಾಗ ಖುಷಿಪಟ್ಟಿದ್ವಿ.

ಪ್ರೆಸೆಂಟೇಶನ್ ಹಿಂದಿನ ಸಂಜೆ ಬೈಲಹೊಂಗಲ ಹಾಸ್ಟೆಲ್ ಟೆರೇಸಿಗೆ ಹೋಗಿ ಅವ್ವಗೆ ಫೋನ್ ಮಾಡಿದ. ನಾವೂ ಹೋದ್ವಿ. ಹೇಳಬೇಕಾದ್ದನ್ನ ಕನ್ನಡದಲ್ಲಿ ಹೇಗೆ ಹೇಳೋದು ಅಂತ ನಮ್ಮಲ್ಲಿ ಮೂವರಿಗೆ ಗೊತ್ತಿರಲಿಲ್ಲ. ನಮ್ಮ ರಿಪೋರ್ಟ್, ಕೋಡ್, ಓದಿದ್ದು, ಜಗಳ ಆಡಿದ್ದು ಎಲ್ಲ ಇಂಗ್ಲಿಷಲ್ಲೇ. ಡಿಪ್ರೆಶರೈಸೇಶನ್ ಅನ್ನೋದಕ್ಕೆ ಅವನು ‘ಸೈಕಲ್ ಟ್ಯೂಬಿನಾಗಿನ ಗಾಳಿ ಹೋದಂಗ’ ಅಂದ. ಅಷ್ಟೇ ಸಾಕಾಯ್ತು.

‘ಅವ್ವಾ, ಮೊನ್ನಿ ಕಳಿಸಿದ ಚಿತ್ರ ತಪ್ಪಿತ್ತು.’

‘ಯಾವ ಚಿತ್ರ?’

‘ಹಸರದು. ಎಲ್ಲಾ ಕಡೆ ಇಳಿಯಾಕ ಬರ್ತದ ಅಂದಿದ್ನಲ್ಲ, ಹಂಗಿಲ್ಲ ಅದು. ನಾವ ಲೆಕ್ಕ ತಪ್ಪ ಮಾಡಿದ್ವಿ.’

ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಇಲ್ಲ. ಹಿಂದೆ ಟಿವಿ ಸದ್ದು, ಯಾರೋ ಪಾತ್ರೆ ಇಟ್ಟ ಸದ್ದು.

‘ನಾ ಅದನ್ನ ನಿಮ್ಮಣ್ಣಗ ಕಳಿಸೇನಲ್ಲೋ.’

‘ಗೊತ್ತೈತಿ ಅವ್ವಾ. ಅಣ್ಣಗೂ ಹೇಳ್ತೇನಿ.’

‘ಹಂಗಾದ್ರ ವಿಮಾನದಾಗ ಬರೂದ ಬ್ಯಾಡನು?’

ನಾವೆಲ್ಲ ಉಸಿರು ಹಿಡಿದು ಕೂತಿದ್ವಿ. ಅವನು ನಿಧಾನಕ್ಕೆ ಹೇಳಿದ. ವಿಮಾನದವರು ನಮ್ಮ ಲೆಕ್ಕ ನೋಡಂಗಿಲ್ಲ, ಅವರದ್ದು ಬ್ಯಾರೆ ಐತಿ, ಎಲ್ಲಿ ಹೊಳ್ಳಬೇಕು ಎಷ್ಟು ಇಳೀಬೇಕು ಎಲ್ಲಾ ಮದಲ ಬರದಿಟ್ಟಿರ್ತಾರ, ಲೇಹ್‌ದಾಗ ಮೋಡ ಇದ್ರ ವಿಮಾನ ಹೊಳ್ಳಿಸಿಕೊಂಡು ಹೋಗ್ತಾರಲ್ಲ, ಅದೂ ಅದಕ್ಕ. ಹೋದ ಸಲ ಅಣ್ಣನ ವಿಮಾನ ರದ್ದಾಗಿ ಎರಡು ದಿನ ತಡ ಆಗಿತ್ತಂತೆ, ಅವ್ವ ಬಹಳ ಬೈದಿದ್ದರಂತೆ. ‘ಅವತ್ತ ಹಂಗ ಮಾಡಿದ್ದು ಇದಕ್ಕನು?’ ಅಂತ ಕೇಳಿದರು. ಇರಬಹುದು ಅಂದ. ಹೌದು ಅಂತ ಹೇಳಲಿಲ್ಲ. ಅವತ್ತು ಏನಾಗಿತ್ತೋ ನಮಗೆ ಗೊತ್ತಿರಲಿಲ್ಲ. ಅವನು ‘ಇರಬಹುದು’ ಅಂದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದ್ವಿ.

‘ಸರಿ ಮಾಡಿದ ಮ್ಯಾಲೆ ಇನ್ನೊಂದ್ಸಲ ಕಳಸು’ ಅಂತ ಹೇಳಿ ಫೋನ್ ಇಟ್ಟರು.

ಹೊಸ ಪೋಸ್ಟರಿನಲ್ಲಿ ಮೂರು ಬಣ್ಣ ಇತ್ತು. ಲೇಹ್ ತೆರೆದಿದ್ದಾಗ ಒಂದು ಮ್ಯಾಪ್, ಮುಚ್ಚಿದ್ದಾಗ ಇನ್ನೊಂದು. ಎರಡರಲ್ಲೂ ಹಸಿರು, ಕೆಂಪು. ಎಸ್‌ಆರ್‌ಟಿಎಂ ಡೇಟಾದಲ್ಲಿ ಕಡಿದಾದ ಬೆಟ್ಟಗಳ ಹತ್ರ ಅಲ್ಲಲ್ಲಿ ರಂಧ್ರ ಇರುತ್ತೆ, ರೇಡಾರ್‌ಗೆ ಕಾಣದ ಜಾಗ. ನಾವು ಮೊದಲು ಪಕ್ಕದ ಸಂಖ್ಯೆಗಳ ಸರಾಸರಿ ಹಾಕಿ ಅವನ್ನ ಮುಚ್ಚಿದ್ವಿ. ಈಗ ಅವನ್ನ ಬೂದು ಬಣ್ಣದಲ್ಲಿ ಹಾಗೇ ಬಿಟ್ವಿ.

ವೈವಾದಲ್ಲಿ ಮೇಡಂ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ನಿಮ್ಮ 12 ನಿಮಿಷ ಯಾವ ಎತ್ತರದಲ್ಲಿ?’ ನಮಗೆ ಅರ್ಥ ಆಗಲಿಲ್ಲ. ಅವರೇ ವಿವರಿಸಿದರು. ಆ ಡಬ್ಬಿಯಿಂದ ಆಮ್ಲಜನಕ 12 ನಿಮಿಷವೂ ಒಂದೇ ಸಮನೆ ಬರಲ್ಲ. ವಿಮಾನ ಇಳೀತಾ ಇರುತ್ತೆ ಅಂತ ಎಣಿಸಿ, ಮೊದಲು ಜಾಸ್ತಿ ಬಂದು ಆಮೇಲೆ ಕಡಿಮೆ ಆಗೋ ಹಾಗೆ ಅದನ್ನ ಮಾಡಿರ್ತಾರೆ. ಎಂಟನೇ ನಿಮಿಷದಲ್ಲಿ ವಿಮಾನ ಇನ್ನೂ 25,000 ಅಡಿಯಲ್ಲೇ ಇದ್ರೆ, ಆಗ ಬರೋ ಆಮ್ಲಜನಕ ಆ ಎತ್ತರಕ್ಕೆ ಸಾಲಲ್ಲ. ಡಬ್ಬಿ ಖಾಲಿ ಆಗಿರಲ್ಲ, ಆದ್ರೂ ಸಾಲಲ್ಲ. ಅಂದ್ರೆ ಬರೀ ನಿಮಿಷ ಎಣಿಸಿದ್ರೆ ಸಾಲದು, ಯಾವ ನಿಮಿಷಕ್ಕೆ ಯಾವ ಎತ್ತರ ಅನ್ನೋ ಮೆಟ್ಟಿಲಿನ ಒಳಗೇ ದಾರಿ ಕೂರಬೇಕು.

ನುನ್ ಪಟ್ಟಿಯ ನಮ್ಮ ಇಡೀ ಲೆಕ್ಕ ನಿಂತಿದ್ದೇ 12 ನಿಮಿಷ ಒಂದೇ ಸಮ ಅನ್ನೋದರ ಮೇಲೆ. ‘ಇದನ್ನ ನಾವು ಹಾಕಿಲ್ಲ ಮೇಡಂ’ ಅಂದ್ವಿ. ‘ರಿಪೋರ್ಟಲ್ಲಿ ಬರೀರಿ’ ಅಂದರು. ಮಾರ್ಕ್ಸ್ ಬರೋವಷ್ಟು ಬಂತು. ಮೆಟ್ರೋ ಗುಂಪುಗಳಿಗೆ ನಮಗಿಂತ ಜಾಸ್ತಿ ಬಂತು.

ಅವತ್ತು ರಾತ್ರಿ ಆ ಪಟ್ಟಿಯ ಹಸಿರನ್ನೂ ಬೂದು ಮಾಡಿ, ಬೈಲಹೊಂಗಲ ಅವ್ವಗೂ ಅಣ್ಣಗೂ ಕಳಿಸಿದ. ಹತ್ತು ನಿಮಿಷದಲ್ಲಿ ಅವ್ವನ ಫೋನ್ ಬಂತು. ಸ್ಪೀಕರಿಗೆ ಹಾಕಿದ.

‘ಈ ಬೂದಿ ಬಣ್ಣ ಏನೋ?’

‘ಅಲ್ಲಿದು ನಮಗ ಲೆಕ್ಕ ಬರಂಗಿಲ್ಲ ಅವ್ವಾ.’

‘ಹಂಗಂತ ಅದರ ಮ್ಯಾಲೆ ಬರದೀರೇನ್?’

‘ಹೂಂ. ಕೆಳಗ ಬರದೇವಿ.’

‘ಇಂಗ್ಲಿಷ್‌ನಾಗ ಬರದೀರಿ. ನನಗ ಹೆಂಗ ತಿಳೀಬೇಕು?’

ನಾಲ್ಕೂ ಜನ ಲ್ಯಾಪ್‌ಟಾಪ್ ಮುಂದೆ ಕೂತು ಅದನ್ನ ಕನ್ನಡದಲ್ಲಿ ಬರೆದು ಮತ್ತೆ ಕಳಿಸಿದ್ವಿ.